ಎರಡು ಗೂಟಗಳ ಅಳತೆ

ಟೀಚರಮ್ಮ ಕೊಂಡುಹೋಗಿದ್ದ ಬಿಲ್ಲನ್ನು ವಾಪಸು ತಂದು ನಮ್ಮ ಅಂಗಡಿಯ ಬೆಂಚಿನ ಮೇಲಿಟ್ಟಾಗಲೇ ನನಗೆ ಗೊತ್ತಾಯಿತು, ಇವತ್ತು ನಾನು ಯಾರ ಮೇಲಾದರೂ ಎಗರಾಡುವುದು ಖಂಡಿತ ಎಂದು.

"ಬಿಲ್ಲೇನೋ ಚೆನ್ನಾಗಿದೆ, ಸದ್ದು ಮಾತ್ರ ವಿಪರೀತ," ಎಂದರು. "ನಾನು ಬಾಣ ಹೊಡಿಯೋದು ಮನೆ ಹಿತ್ತಲಲ್ಲಿ. ಪಕ್ಕದ ಮನೆ ಮಗು ಬೆಚ್ಚಿಬೀಳುತ್ತೆ. ಇನ್ನೊಂದ್ಸಲ ಕೇಳಿಸಿದ್ರೆ ಇಲ್ಲಿ ಬಿಲ್ಲು ಹಿಡಿಯೋ ಹಾಗಿಲ್ಲ ಅಂದಿದ್ದಾರೆ ಮನೆ ಓನರ್ರು. ಸಂಜೆ ಬರ್ತೀನಿ. ಸರಿಹೋಗದಿದ್ರೆ ನೀವೇ ಇಟ್ಕೊಳ್ಳಿ."

ಮೂಲೆಯ ಕುರ್ಚಿಯಲ್ಲಿದ್ದ ಅಪ್ಪ ನಕ್ಕ. ಕಣ್ಣು ಮಂಜಾದ ಮೇಲೆ ಅವನಿಗೆ ಎಲ್ಲವೂ ಕಿವಿಯೇ. "ಸದ್ದಿಲ್ಲದ ಬಿಲ್ಲು ಯಾರಿಗೆ ಬೇಕು ತಾಯಿ? ಆ ಠಣ್ ಅನ್ನೋದೇ ನಮ್ಮನೆ ಗುರುತು."

ಗುರುತಂತೆ! ನನ್ನ ಮೈಯೆಲ್ಲ ಉರಿದುಹೋಯಿತು. ಅದು ಗುರುತೂ ಅಲ್ಲ, ಮಣ್ಣೂ ಅಲ್ಲ. ಸಡಿಲ ಹೆದೆ ಹೋಗಿ ಬಿದಿರಿಗೆ ಬಡಿಯುವ ಸದ್ದು.

ನಮ್ಮಲ್ಲಿ ಬಿದಿರು ನನ್ನದು. ಸೀಳುವುದು, ಹೆರೆಯುವುದು, ಬೆಂಕಿಯಲ್ಲಿ ಕಾಯಿಸಿ ಬಗ್ಗಿಸುವುದು, ಎರಡು ತೋಳೂ ಒಂದೇ ಸಮ ಬಾಗುತ್ತವೆಯೇ ಎಂದು ನೋಡುವುದು, ಎಲ್ಲ ನನ್ನದೇ. ಹೆದೆ ಮಾತ್ರ ನಾನು ಮುಟ್ಟುವಂತಿಲ್ಲ. ಅದು ತಾತನದಾಗಿತ್ತು, ಆಮೇಲೆ ಅಪ್ಪನದು, ಈಗ ಅಣ್ಣನದು. ಹೆದೆ ಕಟ್ಟುವವನೇ ಅಂಗಡಿಯ ಯಜಮಾನ ಎಂದು ಅಪ್ಪ ಹೇಳಿಬಿಟ್ಟಿದ್ದ. ಈ ಸಲ ಹೊಸ ಬಿದಿರು ಬರುವ ದಿನ ಅಂಗಡಿಯ ಬೀಗದ ಕೈಯನ್ನೂ ಅಣ್ಣನಿಗೆ ಕೊಡುವುದೆಂದು ಮಾತಾಗಿತ್ತು. ಅಂದರೆ ಆಮೇಲೆ ನನ್ನ ಕೈಕೆಲಸಕ್ಕೆ ಅವನ ಅಪ್ಪಣೆ.

ಆ ಅಣ್ಣನಿಗೆ ಗೊತ್ತಿರುವುದೇನು? ಗೋಡೆಯ ಎರಡು ಗೂಟ. ತಾತ ಹೊಡೆದ ಗೂಟಗಳು, ಅವುಗಳ ಅಂತರವೇ ಎಲ್ಲ ಹೆದೆಗೂ ಅಳತೆ. ಅವುಗಳ ನಡುವೆ ನೂಲು ಸುತ್ತಿ, ಹುರಿ ಹಾಕಿ, ಎರಡು ತುದಿಗೂ ಕುಣಿಕೆ ಕಟ್ಟಿದರೆ ಹೆದೆ. ತಾತನ ಕಾಲದಲ್ಲಿ ಅದು ಸರಿ, ಅವನದು ನಾರಿನ ಹೆದೆ, ಹಿಗ್ಗುತ್ತಿರಲಿಲ್ಲ. ನಾವೀಗ ಸುತ್ತುವುದು ನೈಲಾನ್. ವಾರ ಕಳೆಯುವಷ್ಟರಲ್ಲಿ ಹಿಗ್ಗಿ ಬಿಲ್ಲಿನ ಮೈಗೆ ಹತ್ತಿರ ಬಂದಿರುತ್ತದೆ, ಬಾಣ ಬಿಟ್ಟಾಗ ಬಡಿಯುತ್ತದೆ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಒಬ್ಬರೂ ಸೊಪ್ಪು ಹಾಕಲಿಲ್ಲ. ತಾತನ ಗೂಟ ತಪ್ಪಾಗುವುದುಂಟೇ!

ಅಣ್ಣ ಬಿಲ್ಲು ಎತ್ತಿಕೊಂಡ. "ಇದೇನ್ ಮಹಾ, ಉಣ್ಣೆ ಸುತ್ತಿದ್ರೆ ಆಯ್ತು," ಎಂದು ಹೆದೆಯ ಉದ್ದಕ್ಕೂ ಉಣ್ಣೆಯ ಉಂಡೆಗಳನ್ನು ಕಟ್ಟಿದ. ಅಂಗಡಿಯ ಹಿಂದೆ ನಿಂತು ಬಾಣ ಬಿಟ್ಟ. ಸದ್ದು ಸ್ವಲ್ಪ ತಗ್ಗಿತು. ಆದರೆ ಉಂಡೆಗಳ ಭಾರಕ್ಕೆ ಬಾಣ ಗುರಿಗೆಂದು ಇಟ್ಟಿದ್ದ ಹುಲ್ಲಿನ ಹೊರೆಯವರೆಗೂ ಹೋಗದೆ ನೆಲಕ್ಕೆ ಬಿತ್ತು.

"ಬಿದಿರು ಸರಿ ಹೆರೆದಿಲ್ಲ ಇವಳು," ಎಂದು ಬಿಲ್ಲು ಅಲ್ಲೇ ಬಿಸಾಕಿ ಟೀ ಕುಡಿಯಲು ಹೋದ.

ಪಿತ್ತ ನೆತ್ತಿಗೇರಿತು. ಉಂಡೆಗಳನ್ನೆಲ್ಲ ಕಿತ್ತೆಸೆದೆ. ಹೆದೆಯ ಒಂದು ಕುಣಿಕೆ ಬಿಡಿಸಿದೆ.

"ಹೆದೆ ಮುಟ್ಬೇಡ ಕಣಮ್ಮ," ಎಂದ ಅಪ್ಪ ಒಳಗಿನಿಂದ. ಕುಣಿಕೆ ಜಾರಿದ್ದು ಅವನಿಗೆ ಕೇಳಿಸಿತ್ತು. "ನಿಮ್ಮಣ್ಣ ಬರ್ಲಿ."

"ಅವನು ಟೀ ಕುಡಿದು ಬರೋವರೆಗೂ ಬಿಲ್ಲು ಕಾಯ್ಬೇಕಾ? ಮುಟ್ತೀನಿ. ಏನ್ ಮಾಡ್ತೀಯೋ ಮಾಡು."

ಹೆದೆಗೆ ಇನ್ನಷ್ಟು ಹುರಿ ಹಾಕಿದೆ. ಹುರಿ ಬಿಗಿದಷ್ಟೂ ಹೆದೆ ಗಿಡ್ಡವಾಗುತ್ತದೆ. ಮತ್ತೆ ಏರಿಸಿ, ಬಿಲ್ಲಿನ ಹಿಡಿಯ ಮೇಲೆ ಮುಷ್ಟಿಯಿಟ್ಟು ಹೆಬ್ಬೆರಳು ಎತ್ತಿ ನೋಡಿದೆ; ಬಿದಿರಿಗೂ ಹೆದೆಗೂ ನಡುವೆ ಅಷ್ಟು ಅಂತರವಿದ್ದರೆ ಹೆದೆ ಬಡಿಯುವುದಿಲ್ಲ. ಬೆರಳು ಹೆದೆಯನ್ನು ದಾಟಿ ಆಚೆ ಬಂತು. ಇಳಿಸಿದೆ, ಮತ್ತಷ್ಟು ಹುರಿ ಹಾಕಿದೆ. ಕೊನೆಗೆ ಉಗುರಿನ ತುದಿ ಹೆದೆಗೆ ಸರಿಯಾಗಿ ತಾಗಿತು. ಎರಡು ತುದಿಗಳಲ್ಲಿ ಹೆದೆ ಕೂರುವ ಕಡೆ ತೆಳು ಚರ್ಮದ ತುಂಡು ಅಂಟಿಸಿದೆ. ಉಣ್ಣೆ ಬೇಕೇ ಬೇಕು, ಆದರೆ ಚಿಟಿಕೆಯಷ್ಟು: ಮೇಲೊಂದು ಎಳೆ, ಕೆಳಗೊಂದು ಎಳೆ.

ಅಪ್ಪ ಗೋಡೆ ಹಿಡಿದುಕೊಂಡು ಹಿಂಬಾಗಿಲಿಗೆ ಬಂದ. ನಾನು ಹೆದೆ ಸೆಳೆದು ಬಾಣ ಬಿಟ್ಟೆ. ಅಪ್ಪ ಕಿವಿಯನ್ನು ನನ್ನ ಕಡೆ ತಿರುಗಿಸಿ ನಿಂತೇ ಇದ್ದ. ಬೀದಿಯಲ್ಲಿ ಗಾಡಿಗಳು ಓಡಾಡುತ್ತಿದ್ದವು.

"ಬಿಡೇ. ಇನ್ನೂ ಏನ್ ಕಾಯ್ತಿದೀಯ?"

"ಬಿಟ್ಟಾಯ್ತು ಅಪ್ಪ."

ಅವನು ನಂಬಲಿಲ್ಲ. ಕೈ ಹಿಡಿದು ಹೊರೆಯ ಹತ್ತಿರ ಕರೆದುಕೊಂಡು ಹೋದೆ. ಬಾಣದ ಗರಿ ತಡವಿದ, ಹುಲ್ಲಿನೊಳಗೆ ಎಷ್ಟು ಆಳ ಹೋಗಿದೆ ಎಂದು ಬೆರಳು ತೂರಿಸಿ ನೋಡಿದ. ಆಮೇಲೆ ಬಿಲ್ಲು ಇಸಿದುಕೊಂಡು ತಾನೂ ಮುಷ್ಟಿಯಿಟ್ಟು ಹೆಬ್ಬೆರಳು ಎತ್ತಿದ. ನನಗೋ ಅಳುವೇ ಬರುವಂತಾಗಿತ್ತು. ಒಂದು ಮಾತು, ಒಂದೇ ಒಂದು ಒಳ್ಳೆಯ ಮಾತು ಸಾಕಿತ್ತು.

"ಚೆನ್ನಾಗಿದೆ," ಎಂದ ಅಪ್ಪ. "ನಿಮ್ಮಣ್ಣಂಗೂ ಹೇಳ್ಕೊಡು. ಇನ್ಮೇಲೆ ಅವನು ಹೀಗೇ ಕಟ್ಲಿ."

ಒಳಗೆ ಹೋಗಿ ದೊಡ್ಡ ಇಕ್ಕಳ ತೆಗೆದುಕೊಂಡೆ. ಬಲಗಡೆಯ ಗೂಟ ಹಿಡಿದು, ಗೋಡೆಗೆ ಕಾಲು ಕೊಟ್ಟು ಜಗ್ಗಿದೆ. ಅದು ಕಿರ್ರೆಂದು ಕಿರುಚಿಕೊಂಡು ಗಾರೆಯ ಸಮೇತ ಕಿತ್ತು ಬಂತು.

"ಏನೇ ಅದು ಸದ್ದು?" ಅಪ್ಪ ತಡಬಡಿಸಿಕೊಂಡು ಒಳಗೆ ಬಂದ.

"ತಾತನ ಗೂಟ. ಇದಾದ್ರೂ ಕೇಳಿಸ್ತಲ್ಲ ನಿಂಗೆ."

"ಅಯ್ಯೋ, ನಿಮ್ಮಣ್ಣ ಬಂದು ಕೇಳಿದ್ರೆ?"

"ನನ್ ಹತ್ರ ಇದೆ ಅಂತ ಹೇಳು. ಹೇಳ್ಕೊಡೋಕೆ ನಾನೇನು ಅವನ ಕೂಲಿಯವಳಲ್ಲ. ಇನ್ಮೇಲೆ ಈ ಅಂಗಡೀಲಿ ಹೆದೆ ಕಟ್ಟೋಳು ನಾನೇ."

ಅಪ್ಪನ ಕೈ ಸೊಂಟದಲ್ಲಿದ್ದ ಬೀಗದ ಕೈಯ ಕಡೆ ಹೋಗಿ ಅಲ್ಲೇ ನಿಂತಿತು. ಕೊಡುವುದಕ್ಕೋ, ಭದ್ರವಾಗಿ ಹಿಡಿದುಕೊಳ್ಳುವುದಕ್ಕೋ ತಿಳಿಯಲಿಲ್ಲ. ನಾನೂ ಕಾಯಲಿಲ್ಲ. ಎರಡನೆಯ ಗೂಟಕ್ಕೆ ಇಕ್ಕಳ ಹಾಕಿದೆ.