ತಾರೀಖಪ್ಪ

ಕೋಟಿನ ಎಡತೋಳು ಹತ್ತಲೇ ಇಲ್ಲ. ಮಗಳು ಅಪ್ಪನ ಸೆಟೆದ ಮೊಣಕೈ ಮಡಚಲು ನೋಡಿ ಕೈಬಿಟ್ಟಳು.

"ಬಿಡೇ, ಶರ್ಟೇ ಸಾಕು," ಎಂದರು ತಾಯಿ. "ಮನೇಲಿ ಯಾವತ್ತು ಕೋಟು ಹಾಕಿದ್ರು?"

"ಜಡ್ಜ್ ಆಗಿದ್ದೋರು ಅಲ್ವೇನಮ್ಮ, ಜನ ಬರ್ತಾರೆ."

"ಬರೋರಿಗೆ ಗೊತ್ತಿದೆ, ಬಿಡು."

ಹೊರಗಿನ ಕೋಣೆಯಲ್ಲಿ ವಕೀಲರು ಕುಳಿತಿದ್ದರು. ಅವರೆಲ್ಲ ಬೆನ್ನ ಹಿಂದೆ ಜಡ್ಜರನ್ನು ತಾರೀಖಪ್ಪ ಎನ್ನುತ್ತಿದ್ದವರೇ. ಅವರ ಕೋರ್ಟಿಗೆ ಹೋದ ಕೇಸು ಮುಂದಿನ ತಾರೀಖು ಹೊತ್ತುಕೊಂಡೇ ಹೊರಗೆ ಬರುತ್ತದೆ ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು.

"ಯಮನಿಗೂ ವಾಯಿದೆ ಕೊಟ್ಟು ಕಳಿಸ್ತಿದ್ರು ಅನ್ಸುತ್ತೆ. ಇಷ್ಟು ವರ್ಷ ಎಳೆದ್ರಲ್ಲ!" ಎಂದ ಒಬ್ಬ, ದನಿ ತಗ್ಗಿಸಿ.

ಕೆಲವರು ನಕ್ಕರು. ಹಿರಿಯ ವಕೀಲರೊಬ್ಬರು ಮಾತ್ರ ನಗಲಿಲ್ಲ. ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲಿ ನಿಂತಿದ್ದ ಮನುಷ್ಯನ ಗುರುತು ಅವರಿಗೆ ಹತ್ತಿತ್ತು. ಮನೆ ಖಾಲಿ ಮಾಡಿಸುವ ಕೇಸಿನ ಮಾಲೀಕ. ಆ ಮನೆಯಲ್ಲಿ ಬಾಡಿಗೆಗಿದ್ದ ಅಜ್ಜಿಯ ಪರ ಆಗ ನಿಂತಿದ್ದವರು ಈ ಹಿರಿಯ ವಕೀಲರೇ.

*

ಆ ಕೇಸಿನಲ್ಲಿ ವಾದಿಸಲು ಏನೂ ಇರಲಿಲ್ಲ. ಕರಾರಿನ ಅವಧಿ ಮುಗಿದಿತ್ತು. ಹಿಂದೆ ಮುಂದೆ ಯಾರೂ ಇಲ್ಲದ ಅಜ್ಜಿ ಹಾಸಿಗೆ ಹಿಡಿದಿದ್ದಳು. ವಕೀಲರ ನೆಪಗಳೆಲ್ಲ ಮುಗಿದ ದಿನ ಜಡ್ಜೇ ಕೇಳಿದರು, "ಡಾಕ್ಟರ್ ಸರ್ಟಿಫಿಕೇಟ್ ಎಲ್ಲಿ?" ತಂದುಕೊಟ್ಟರೆ, "ಈ ಅಕ್ಷರ ಯಾರಿಗೆ ಓದೋಕಾಗುತ್ತೆ? ಟೈಪ್ ಮಾಡಿಸಿ." ವಕೀಲರಿಗೆ ಅರ್ಥವಾಯಿತು.

ಒಮ್ಮೆ ಮಾಲೀಕ ತಾನೇ ಎದ್ದು ನಿಂತ. "ಸ್ವಾಮಿ, ಮನೆ ನಂದು ಅಂತ ತಮಗೂ ಗೊತ್ತು. ಮತ್ತೆ ಯಾವಾಗ?"

ಜಡ್ಜ್ ತಲೆ ಎತ್ತಲಿಲ್ಲ. "ಮುಂದಿನ ತಾರೀಖು."

ಹೀಗೇ ವರ್ಷಗಟ್ಟಲೆ ಎಳೆಯಿತು. ಅಜ್ಜಿ ಆ ಮನೆಯಲ್ಲೇ ಕಣ್ಣು ಮುಚ್ಚಿದಳು. ಆಮೇಲೆ ತೀರ್ಪು ತಡವಾಗಲಿಲ್ಲ. ಅದನ್ನು ಕೇಳಿದ ಮಾಲೀಕ ಅಲ್ಲೇ ನಿಂತು ಹೇಳಿದ, "ಆ ಮನೆ ಕಟ್ಟಿದ್ದು ನಮ್ಮಪ್ಪ. ಅಲ್ಲೇ ಪ್ರಾಣ ಬಿಡ್ಬೇಕು ಅಂತಿದ್ರು. ಹೋದ ತಿಂಗಳು ಹೋದ್ರು ಸ್ವಾಮಿ, ಯಾರದೋ ಕೋಣೇಲಿ."

ಜಡ್ಜ್ ಮುಂದಿನ ಕೇಸು ಕರೆಸಲಿಲ್ಲ. ಎದ್ದು ಒಳಗೆ ಹೋದರು.

*

ಹಿರಿಯ ವಕೀಲರು ಎದ್ದು ಹೋಗಿ ಮಾಲೀಕನನ್ನು ಒಳಗೆ ಕರೆತಂದರು. "ಅಮ್ಮಾ, ಇವರು ಆ ಮನೆ ಕೇಸಿನೋರು."

ಅವನು ಹೆಣದ ಮುಖ ನೋಡುತ್ತ ನಿಂತ. "ಪೇಪರಲ್ಲಿ ನೋಡ್ದೆ. ಸುಳ್ಳು ಯಾಕೆ ಹೇಳ್ಲಿ, ಒಂದು ಮಾತು ಬೈದು ಹೋಗೋಣ ಅಂತ ಬಂದೆ. ಕೋರ್ಟಲ್ಲಿ ಗೆದ್ದೋನು ಸೋತ ಅಂತಾರಲ್ಲ, ನಮ್ಮ ಕತೆ ಹಾಗಾಯ್ತು."

"ಬೈರಿ," ಎಂದರು ತಾಯಿ. "ಅವರಿಗೆ ಕೇಳ್ಸಲ್ಲ. ನಾನು ಕೇಳ್ತೀನಿ."

ಅವನ ಕಣ್ಣು ಪಕ್ಕದಲ್ಲಿ ಮಡಚಿಟ್ಟಿದ್ದ ಕೋಟಿನ ಮೇಲೆ ಹೋಯಿತು.

"ನಿಮ್ಮಪ್ಪನ ವಿಷಯ ಒಂದೇ ಸಲ ಹೇಳಿದ್ರು," ತಾಯಿ ಮುಂದುವರಿಸಿದರು. "ಒಬ್ಬ ಮುದುಕೀನ ನೋಡ್ತಾ ಕೂತೆ ಕಣೇ, ಇನ್ನೊಬ್ಬ ಮುದುಕ ಇದ್ದಾನೆ ಅಂತ ಗೊತ್ತೇ ಆಗ್ಲಿಲ್ಲ ಅಂದ್ರು. ಆಮೇಲೆ ಎಷ್ಟೋ ದಿನ ಊಟಕ್ಕೆ ಕೂತು ಹಾಗೇ ಏಳೋರು."

"ನಾನೂ ಹೇಳ್ಲಿಲ್ಲಮ್ಮ." ಅವನು ಮೊದಲ ಸಲ ಅವರ ಕಡೆ ತಿರುಗಿದ. "ಹೇಳೋಣ ಅಂದ್ರೆ ಅಪ್ಪ ಬಿಡ್ಲಿಲ್ಲ. ನಮ್ಮದು ಹಕ್ಕು ಕಣೋ, ಅಲ್ಲಿ ಹೋಗಿ ಕನಿಕರ ಬೇಡ್ಬೇಡ ಅಂದ್ರು."

ಮಗಳು ಅವನಿಗೆ ಕುರ್ಚಿ ಸರಿಸಿದಳು. ಅವನು ಕೂರಲಿಲ್ಲ, ಹೊರಟೂ ಹೋಗಲಿಲ್ಲ.

ಕೆಳಗೆ ವ್ಯಾನು ಹಾರ್ನ್ ಹೊಡೆಯಿತು. ಮೆಟ್ಟಿಲು ಕಿರಿದು, ಸ್ಟ್ರೆಚರ್ ತಿರುವಿನಲ್ಲಿ ಸಿಕ್ಕಿಕೊಂಡಿತು. ಕೆಳತುದಿ ಹಿಡಿದಿದ್ದ ವಕೀಲನಿಗೆ ಏದುಸಿರು.

"ಕೊಡಿ ಇಲ್ಲಿ," ಎಂದು ಮಾಲೀಕ ಸಂದಿಯಲ್ಲಿ ನುಸುಳಿ ಇಳಿದು, ಭಾರಕ್ಕೆ ಎದೆ ಕೊಟ್ಟ. ಹಿಮ್ಮುಖವಾಗಿ ಇಳಿಯುತ್ತ, ಕಾಣದ ಮೆಟ್ಟಿಲನ್ನು ಒಂದು ಕಾಲಲ್ಲಿ ತಡವಿ ನೋಡಿ, ಅದು ಸಿಕ್ಕಿದ ಮೇಲೆಯೇ ಇನ್ನೊಂದು ಕಾಲು ಕಿತ್ತಿಡುತ್ತಿದ್ದ.