ಸತ್ತಿಯ ಸಣ್ಣ ದ್ರಾಕ್ಷಿ

ನಾಶಿಕದ ವೈನರಿಗಳಲ್ಲಿ ವರ್ಷಗಟ್ಟಲೆ ದುಡಿದ ಶೈಲಾ ತನ್ನೂರು ಸತ್ತಿಗೆ ಮರಳಿದ್ದು ಒಂದೇ ಹಟದಿಂದ. ಸತ್ತಿಯ ಕರಿಮಣ್ಣಿನ ದ್ರಾಕ್ಷಿಯಿಂದ ವೈನ್ ಮಾಡಬೇಕು, ಬಾಟಲಿಯ ಮೇಲೆ ಸತ್ತಿ ಎಂದೇ ಬರೆಯಬೇಕು. ಕುಡಿದವರಿಗೆ ಈ ನೆಲದ ರುಚಿ ಸಿಗದಿದ್ದರೆ ಆ ಹೆಸರು ಹಾಕುವ ಯೋಗ್ಯತೆ ತನಗಿಲ್ಲವೆಂಬುದು ಅವಳ ನಂಬಿಕೆ.

ಕೊಯ್ಲು ಹತ್ತಿರವಾದಾಗ ಅವಳು ಬಳ್ಳಿಗಳಿಗೆ ನೀರು ನಿಲ್ಲಿಸಿದಳು. ನೀರು ಕುಡಿದರೆ ಹಣ್ಣು ಉಬ್ಬಿ ರುಚಿ ತೆಳುವಾಗುತ್ತದೆ. ತಂದೆ ವಿರುಪಾಕ್ಷಪ್ಪನವರಿಗೆ ಮಾತ್ರ ಅದು ಪಾಪದ ಕೆಲಸ. ಜನ್ಮವಿಡೀ ಗೋಲಿಗಾತ್ರದ ಹಣ್ಣು ಬೆಳೆದು, ಮೊದಲ ಗೊಂಚಲನ್ನು ಮಂಗಸೂಳಿ ಗುಡಿಯ ಮಲ್ಲಯ್ಯ ದೇವರಿಗೆ ಒಪ್ಪಿಸುತ್ತ ಬಂದವರು ಅವರು. ಒಂದು ಬೆಳಿಗ್ಗೆ ಅವರ ಕೈ ಹನಿ ನೀರಾವರಿಯ ವಾಲ್ವಿನ ಮೇಲಿತ್ತು.

“ಬಳ್ಳಿ ನೀರಡಿಸ್ಯಾವ, ಶೈಲವ್ವ. ದೇವರಿಗೆ ಈ ಬಟಾಣಿ ಕಾಳು ಒಯ್ಯಲೇನು?”

“ಒಂದ್ ಹಣ್ಣು ತಿಂದ್ ನೋಡಪಾ. ಆಮ್ಯಾಲ ಬೇಕಾದ್ರ ನೀರ್ ಬಿಡು.”

ಅವರು ಬಾಯಿಗೆ ಹಾಕಿಕೊಂಡರು. ಮೊದಲು ಗಾಢವಾದ ಸಿಹಿ, ಅದರ ಬೆನ್ನಿಗೇ ಸಿಪ್ಪೆಯ ಒಗರು. ಬಹಳ ಹೊತ್ತು ಅಗಿದು, ವಾಲ್ವ್ ತಿರುಗಿಸದೆ ಕೈ ತೆಗೆದರು.

ರವಿವಾರ ಗುಡಿಯಲ್ಲಿ ಪೂಜಾರಿ ಆ ಸಣ್ಣ ಗೊಂಚಲು ನೋಡಿ ನಕ್ಕ. “ಏನ್ರಿ ವಿರುಪಾಕ್ಷಪ್ಪಾರ, ಈ ಸಲ ದ್ರಾಕ್ಷಿಗೆ ಉಪವಾಸ ಏನು?”

“ಹೌದ್ರಿ. ನನ್ನ ಮಗಳು ವ್ರತ ಹಿಡಿಸ್ಯಾಳ. ಪ್ರಸಾದ ಅಂತ ತಿಂದ್ ನೋಡ್ರಿ, ಸತ್ತಿ ಅಂದ್ರ ಏನಂತ ತಿಳಿತೈತಿ.”

ಪೂಜಾರಿ ಒಂದು ತಿಂದು ಇನ್ನೊಂದಕ್ಕೆ ಕೈ ಚಾಚಿದ. ಪಕ್ಕದಲ್ಲೇ ನಿಂತು ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಳ್ಳುತ್ತಿದ್ದ ಶೈಲಾಗೆ, ಊರಿನ ಹೆಸರು ಬಾಟಲಿಗಿಂತ ಮೊದಲು ಅಪ್ಪನ ಬಾಯಲ್ಲಿ ಬಂದದ್ದು ಕೇಳಿ ಎದೆ ತುಂಬಿತು.