ಫೋನಿನಲ್ಲಿ ಬಂದ ಪ್ರಾರ್ಥನೆ

ಕೆಂಟ್ ಪ್ರುವಿಟ್ ಪ್ರಾರ್ಥನೆಗೆ ಕಣ್ಣು ಮುಚ್ಚುವುದನ್ನು ನೋಡಬೇಕು! ಹುಬ್ಬು ಗಂಟಿಕ್ಕಿ, ತುಟಿ ನಡುಗಿಸಿ, ಎರಡು ಹನಿಯಾದರೂ ಉದುರಿಸದೆ ಕಣ್ಣು ತೆರೆಯುವ ಆಸಾಮಿಯಲ್ಲ. ಎಲ್ಕಾರ್ಟ್ ಊರಿನ ಆ ಚಿಕ್ಕ ಚರ್ಚಿನ ಹೆಂಗಸರೆಲ್ಲ ಎಂಥ ಭಕ್ತಿ, ಎಂಥ ಭಕ್ತಿ ಅಂತ ಕರಗಿ ನೀರಾಗುತ್ತಿದ್ದರು. ಬರ್ನಡೀನೂ ಕರಗಿದವಳೇ. ಈಗ ನೆನೆಸಿಕೊಂಡರೆ ತನ್ನನ್ನೇ ಬೈದುಕೊಳ್ಳುತ್ತಾಳೆ.

ಚರ್ಚಿನಲ್ಲಿ ಯಾರಿಗೆ ಕಷ್ಟ ಬಂದರೂ ಮೊದಲ ಫೋನು ಬರ್ನಡೀನ್‌ಗೆ. ಅವಳು ಮುಂದಿನವರಿಗೆ ಮಾಡಬೇಕು, ಅವರು ತಮ್ಮ ಮುಂದಿನವರಿಗೆ. ಸಂಜೆಯೊಳಗೆ ಮನೆಮನೆಯಲ್ಲೂ ಆ ಕಷ್ಟಕ್ಕಾಗಿ ಪ್ರಾರ್ಥನೆ ಶುರು. ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದಿದ್ದ ದೊಡ್ಡಸ್ತಿಕೆ ಇದೊಂದೇ. ಹೊಸದಾಗಿ ಸೇರಿದ ಕೆಂಟ್, "ಸಿಸ್ಟರ್, ನಂಗೇ ಮೊದ್ಲು ಹೇಳ್ಬಿಡಿ. ಯಾವ ಹೊತ್ತಾದ್ರೂ ಸರಿ, ತಕ್ಷಣ ಮೊಣಕಾಲೂರ್ತೀನಿ" ಎಂದಾಗ ಉಬ್ಬಿಹೋಗಿ ತನ್ನ ನಂತರದ ಜಾಗವನ್ನು ಅವನಿಗೇ ಕೊಟ್ಟುಬಿಟ್ಟಿದ್ದಳು. ಪೆದ್ದಿ!

ಆ ವರ್ಷ ಊರಿನ ಫ್ಯಾಕ್ಟರಿಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ಕೆಲಸ ಹೋಯಿತು, ಕಂತು ಕಟ್ಟೋಕಾಗ್ತಿಲ್ಲ ಅಂತ ಫೋನಿನ ಮೇಲೆ ಫೋನು. ಕೆಂಟ್‌ನ ಕಸುಬೋ, ಮನೆ ಸಾಲದಲ್ಲಿ ಮುಳುಗುತ್ತಿರುವವರ ಮನೆ ಮಾರಿಸುವುದು. ಸಾಲಕ್ಕಿಂತ ಕಡಿಮೆ ಬೆಲೆಗೆ ಮಾರಿಸುತ್ತಾನೆ, ಬಾಕಿಯನ್ನು ಬ್ಯಾಂಕು ಗೊಣಗಿಕೊಂಡು ಬಿಟ್ಟುಕೊಡುತ್ತದೆ, ಕಮಿಷನ್ ಇವನಿಗೆ, ಮನೆಯವರು ಬೇರೆ ಸೂರು ಹುಡುಕಬೇಕು. ಕಾನೂನಿಗೆ ಸರಿಯೇ. ಎಷ್ಟೋ ಜನಕ್ಕೆ ಬೇರೆ ದಾರಿಯೂ ಇರಲಿಲ್ಲ ಅನ್ನಿ. ತಾವು ಪ್ರಾರ್ಥಿಸಿದ ಮನೆಗಳ ಮುಂದೆಲ್ಲ ಅವನ ಮನೆ-ಮಾರಾಟದ ಬೋರ್ಡು ಏಳುತ್ತಿದ್ದುದನ್ನು ಬರ್ನಡೀನ್ ನೋಡಿದ್ದಳು. ಪಾಪ, ಸಹಾಯ ಮಾಡುತ್ತಿದ್ದಾನೆ ಅಂದುಕೊಂಡಿದ್ದಳು.

ಸೋಮವಾರ ಬೆಳಿಗ್ಗೆ ಹೋಟೆಲಿನಲ್ಲಿ ಮೊಟ್ಟೆ ತಿನ್ನುತ್ತಿದ್ದಾಗ ಹಿಂದಿನ ಸೀಟಿನಿಂದ ಅದೇ ಬೆಣ್ಣೆಯಂಥ ದನಿ ಕೇಳಿಸಿತು. ಕೆಂಟ್ ತನ್ನ ಆಫೀಸಿನ ಇನ್ನೊಬ್ಬನಿಗೆ ಕಸುಬು ಹೇಳಿಕೊಡುತ್ತಿದ್ದ. ಎತ್ತರದ ಸೀಟಿನ ಮರೆಯಲ್ಲಿದ್ದ ಇವಳು ಅವನಿಗೆ ಕಾಣಿಸುವಂತಿರಲಿಲ್ಲ.

"ನೀವೆಲ್ಲ ಯಾರ ಅಂಗಳದಲ್ಲಿ ಹುಲ್ಲು ಕತ್ತರಿಸದೆ ಬೆಳೆದಿದೆ, ಯಾರ ಬಾಗಿಲಿಗೆ ಬ್ಯಾಂಕಿನ ನೋಟೀಸು ಅಂಟಿದೆ ಅಂತ ಪೆಟ್ರೋಲ್ ಸುಟ್ಕೊಂಡು ಅಲೀತೀರ. ನಂಗೊಬ್ಬಳು ಮುದುಕಿ ಇದಾಳೆ ಕಣಯ್ಯಾ! ಪುಕ್ಕಟೆ ಫೋನ್ ಮಾಡ್ತಾಳೆ, ಮೇಲಿಂದ ಥ್ಯಾಂಕ್ಸೂ ಅವಳೇ ಹೇಳ್ತಾಳೆ."

ಇನ್ನೊಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕ.

"ಹೋದ ವಾರದ್ದು ಒಂದಿದೆ, ಸೀಡರ್ ಬೀದೀಲಿ. ಗಂಡ ಬಿಟ್ಟೋಗಿದಾನೆ. ನಿನ್ನೆ ಚರ್ಚಲ್ಲಿ ಮುಖ ನೋಡಿ ಯಾರು ಅಂತ ಖಾತ್ರಿ ಮಾಡ್ಕೊಂಡೆ. ಹೆದರಿ ಕೂತಿದೆ. ಹೆದರಿದವ್ರು ಬೇಗ ಸಹಿ ಹಾಕ್ತಾರೆ. ಬೇಕರಿಯಿಂದ ಒಂದು ಪೀಚ್ ಹಣ್ಣಿನ ಪೈ ತಗೊಂಡು ಈಗ್ಲೇ ಹೋಗ್ತೀನಿ. ಕೊಳ್ಳೋಕೆ ನನ್ನ ಭಾವಮೈದ ಆಗ್ಲೇ ರೆಡಿ."

ಬರ್ನಡೀನ್ ತಟ್ಟೆಯನ್ನು ದೂರ ತಳ್ಳಿದಳು. ಥೂ! ಇವನ ಜೊತೆ ಕೈ ಹಿಡಿದು ಪ್ರಾರ್ಥಿಸಿದ್ದೆನಲ್ಲ ಅಂತ ಅಂಗೈಯನ್ನು ಸ್ಕರ್ಟಿಗೆ ಉಜ್ಜಿಕೊಂಡಳು. ಸೀಡರ್ ಬೀದಿಯವಳು ಡಾರ್ಲಾ, ಮೂವತ್ತು ವರ್ಷದ ಗೆಳತಿ. "ಯಾರಿಗೂ ಹೇಳ್ಬೇಡ ಕಣೇ" ಅಂತ ಅತ್ತುಕೊಂಡು ಹೇಳಿದ್ದಳು. ಹೆಸರು ಹೇಳದಿದ್ದರಾಯಿತು, ದೇವರಿಗೆ ಮುಟ್ಟಿಸುವುದರಲ್ಲಿ ತಪ್ಪೇನು ಅಂತ ಇವಳು ಫೋನೆತ್ತಿದ್ದಳು. ಡಾರ್ಲಾಗೆ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ, ಮೊದಲ ಸಂಬಳದ ಚೀಟಿ ತೋರಿಸಿದರೆ ಕಂತು ಇಳಿಸುತ್ತೇವೆ ಅಂತ ಬ್ಯಾಂಕು ಒಪ್ಪಿದೆ. ಒಂದು ತಿಂಗಳು ಹಲ್ಲು ಕಚ್ಚಿಕೊಂಡಿದ್ದರೆ ಮನೆ ಉಳಿಯುತ್ತದೆ. ಈ ಒಳ್ಳೆಯ ಸುದ್ದಿಯನ್ನು ಮಾತ್ರ ಇವಳು ಯಾರಿಗೂ ಹೇಳಿರಲಿಲ್ಲ.

ಅವನೆದ್ದು ಹೋದ ಮೇಲೆ, ಬಿಲ್ಲಿಗೆ ಕಾದು ದುಡ್ಡು ಕೊಟ್ಟು, ಬರ್ನಡೀನ್ ಕಾರು ಓಡಿಸಿದಳು. ಡಾರ್ಲಾಳ ಅಡುಗೆಮನೆಗೆ ನುಗ್ಗಿದಾಗ ಪೈ ಕತ್ತರಿಸಿಯಾಗಿತ್ತು. ಕಾಗದಗಳು ಮೇಜಿನ ಮೇಲೆ, ಪೆನ್ನು ಡಾರ್ಲಾಳ ಕೈಯಲ್ಲಿ.

"ಒಂದು ತಿಂಗಳು ತಡೀತೀನಿ ಕೆಂಟ್, ಬ್ಯಾಂಕಿನವ್ರು ಹೇಳಿದಾರೆ," ಎನ್ನುತ್ತಿದ್ದಳು ಡಾರ್ಲಾ.

"ಸಹಿ ಹಾಕ್ಬೇಡ ಕಣೇ!" ಬರ್ನಡೀನ್ ಕೂಗಿದಳು. "ಇವನು ಕಳ್ಳ. ನಿನ್ನ ಮನೆ ಇವನ ಭಾವಮೈದನ ಪಾಲಾಗುತ್ತೆ. ದೇವ್ರು ಕಳಿಸಿ ಬಂದೋನಲ್ಲ ಇವನು, ನನ್ನ ಫೋನ್ ಕೇಳ್ಕೊಂಡು ಬಂದೋನು."

ಕೆಂಟ್ ಸಿಟ್ಟಾಗಲಿಲ್ಲ. "ಸಿಸ್ಟರ್ ಪಾಪ, ನಿಮ್ಮ ಮೇಲಿನ ಪ್ರೀತಿಗೇ ಎಲ್ಲರಿಗೂ ಹೇಳಿದ್ದು," ಎಂದ ಡಾರ್ಲಾ ಕಡೆ ತಿರುಗಿ.

ಡಾರ್ಲಾ ತಲೆಯೆತ್ತಿದಳು. "ಎಲ್ಲರಿಗೂ?"

"ಪ್ರಾರ್ಥನೆಗೆ ಅಂತ ಕಣೇ. ಹೆಸರು ಹೇಳ್ಲಿಲ್ಲ, ದೇವರಾಣೆ."

"ಸೀಡರ್ ಬೀದೀಲಿ ಗಂಡ ಬಿಟ್ಟೋದೋಳು ನಾನಲ್ದೆ ಇನ್ಯಾರೇ ಇದಾರೆ?" ಅವಳ ದನಿ ಏರಲಿಲ್ಲ. "ನಿನ್ನೆ ಎಲ್ಲರೂ ಬಂದು ಬಂದು ತಬ್ಬಿಕೊಂಡ್ರು. ನಾನು ಚೆನ್ನಾಗಿ ಕಾಣ್ತಿದೀನಿ ಅಂದ್ಕೊಂಡಿದ್ದೆ."

"ಡಾರ್ಲಾ, ನನ್ನ ಕೆನ್ನೆಗೆ ಹೊಡಿ. ಆದ್ರೆ ಮನೆ ಕಳ್ಕೋಬೇಡ. ಒಂದು ತಿಂಗಳು ಅಷ್ಟೇ."

"ಆಮೇಲೆ? ಇಲ್ಲೇ ಇದ್ದು ಯಾರ ಮುಖ ನೋಡ್ಲಿ? ಅಂಗಡಿಗೆ ಹೋದ್ರೆ ಅಯ್ಯೋ ಪಾಪ, ಚರ್ಚಿಗೆ ಹೋದ್ರೆ ಅಯ್ಯೋ ಪಾಪ. ಒಹಾಯೋದಲ್ಲಿ ನನ್ನ ತಂಗಿ ಇದಾಳೆ. ಅಲ್ಲಿ ಯಾರಿಗೂ ಏನೂ ಗೊತ್ತಿಲ್ಲ."

ಬರ್ನಡೀನ್ ಪೆನ್ನು ಕಿತ್ತುಕೊಳ್ಳಲು ಕೈಚಾಚಿದಳು. ಡಾರ್ಲಾ ಮೈ ತಿರುಗಿಸಿ ಕೂತು ಸಹಿ ಹಾಕಿದಳು. ಕೆಂಟ್ ಹಾಳೆ ಮಗುಚಿ, ಇಲ್ಲೊಂದು, ಇಲ್ಲೊಂದು ಅಂತ ಬೆರಳು ತೋರಿಸುತ್ತ ಹೋದ. ಆಮೇಲೆ ಕಾಗದವನ್ನೆಲ್ಲ ಚೀಲಕ್ಕೆ ಸೇರಿಸಿ, ಹುಬ್ಬು ಗಂಟಿಕ್ಕಿ, ಇಬ್ಬರ ಕಡೆಗೂ ಕೈ ಚಾಚಿದ. "ಬನ್ನಿ, ಒಂದು ಸಣ್ಣ ಪ್ರಾರ್ಥನೆ ಮಾಡ್ಬಿಡೋಣ."

"ಥೂ ನಿನ್ನ!" ಅಂದಳು ಬರ್ನಡೀನ್. ಅವನು ಉಗುಳು ಒರೆಸಿಕೊಳ್ಳುವವನಂತೆ ಕೆನ್ನೆ ಸವರಿಕೊಂಡು, ನಕ್ಕು ಹೊರಟುಹೋದ.

ಡಾರ್ಲಾ ಬಾಗಿಲನ್ನು ಹಾಗೇ ಹಿಡಿದು ನಿಂತಿದ್ದಳು, ಇವಳೂ ಹೋಗಲಿ ಅಂತ. ಬರ್ನಡೀನ್ ಹೊಸಿಲು ದಾಟಿ, ಏನಾದರೂ ಹೇಳುತ್ತಾಳೇನೋ ಅಂತ ತಿರುಗಿ ನೋಡಿದಳು.

"ಮನೆ ಹೋಯ್ತು ಅಂತ," ಎಂದಳು ಡಾರ್ಲಾ, "ಫೋನ್ ಮಾಡಿ ಎಲ್ಲರಿಗೂ ಹೇಳ್ಬಿಡು."